ದೊಡ್ಡಪ್ಪನೆದುರು ಒಂದು ಮೂಟೆ ಕೊಬ್ಬರಿ

ತಿಪಟೂರಿನ ತಮ್ಮ ಕೊಬ್ಬರಿ ಮಂಡಿಯಲ್ಲಿ ದೊಡ್ಡಪ್ಪ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಇನ್ನೊಂದು ತಟ್ಟೆಯಲ್ಲಿ ಬಾಯಿ ಹೊಲಿದ ಕೊಬ್ಬರಿ ಮೂಟೆ. ದೊಡ್ಡಪ್ಪನ ತಟ್ಟೆ ಮೆಲ್ಲಗೆ ಕೆಳಗಿಳಿಯಿತು.

“ಮತ್ತೆ ದಪ್ಪ ಆಗಿದೀನಿ ಕಣೇ. ಇವತ್ತು ಊಟ ಬ್ಯಾಡ ಬುಡು,” ಎಂದರು, ನನ್ನ ಜೊತೆ ಊಟದ ಕ್ಯಾರಿಯರ್ ಹಿಡಿದು ಬಂದಿದ್ದ ದೊಡ್ಡಮ್ಮನಿಗೆ.

ಎಂಬತ್ತರ ದಶಕದ ಮಾತಿದು. ಕೊಬ್ಬರಿ ಕೊಳ್ಳುವ ಬೊಂಬಾಯಿ ಸೇಟು ಹೇಳಿದನೆಂದು ದೊಡ್ಡಪ್ಪ ಅಲ್ಲಿಗೇ ಹೋಗಿ, ಬೊಜ್ಜು ಇಳಿಯಲೆಂದು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡಿದ್ದರು. ಮೈ ಇಳಿಯಿತು, ಹಸಿವು ಮಾತ್ರ ಹಳೆಯ ಹೊಟ್ಟೆಯದೇ ಉಳಿಯಿತು. ತೂಕ ಮತ್ತೆ ಏರಬಾರದೆಂದು, ಆಗ ತಮ್ಮಷ್ಟೇ ತೂಗುತ್ತಿದ್ದ ಆ ಮೂಟೆಯನ್ನು ಹೊಲಿಸಿಟ್ಟು, ಆಗಾಗ ಅದರೆದುರು ಕೂರುತ್ತಿದ್ದರು. ತಮ್ಮ ತಟ್ಟೆ ಇಳಿದ ದಿನ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನೂ ಮುಟ್ಟುತ್ತಿರಲಿಲ್ಲ.

ದೊಡ್ಡಮ್ಮ ಮೂಟೆಯನ್ನು ಹಿಡಿದು ಅಲುಗಿಸಿದರು. ಒಳಗೆ ಕೊಬ್ಬರಿ ಗಲಗಲ ಎಂದಿತು.

“ಮೂಟೆ ಒಣಗಿ ಹಗುರಾಗೈತೆ ಕಣ್ರೀ. ದಿನಾ ರೈತರ ಕೊಬ್ಬರಿ ಹಸಿ ಐತೆ ಅಂತ ತೂಕ ಮುರ್ಕೊತೀರಲ್ಲ, ನಿಮ್ಮ ಮೂಟೆ ಒಣಗೋದು ಗೊತ್ತಾಗ್ಲಿಲ್ವಾ? ಬನ್ನಿ, ಉಣ್ಣಿ.”

ದೊಡ್ಡಪ್ಪ ತಟ್ಟೆಯಲ್ಲಿ ಕೂತೇ ನಕ್ಕರು. ಆಮೇಲೆ ಇಳಿದು ಬಂದು ಆ ಪುಟ್ಟ ಮುದ್ದೆಯನ್ನು ನಿಧಾನವಾಗಿ, ಪೂರ್ತಿ ಉಂಡರು.

ಈಗ ನನಗೂ ಅದೇ ಆಪರೇಷನ್ ಆಗಿದೆ. ನನ್ನ ತೂಕದ ಮಿಷನ್ ಒಂದು ಗ್ರಾಂ ಕೂಡ ತಪ್ಪು ಹೇಳುವುದಿಲ್ಲ. ಆದರೂ ಅದರ ಮೇಲೆ ನಿಂತಾಗಲೆಲ್ಲ, ‘ಬಾ, ಉಣ್ಣು’ ಎನ್ನುವವರೊಬ್ಬರು ಪಕ್ಕದಲ್ಲಿರಬೇಕಿತ್ತು ಅನ್ನಿಸುತ್ತದೆ.