ಕನ್ನಡಕ ಒರೆಸುವಷ್ಟು ಹೊತ್ತು

ಹೊಸಪೇಟೆಯ ನಮ್ಮ ಅಡುಗೆಮನೆಯ ಹಳೆಯ ಟ್ಯೂಬ್‌ಲೈಟು ಮೊನ್ನೆ ಕೊನೆಗೂ ಕೈಕೊಟ್ಟಿತು. ಇಳಿಸುವಾಗ ಅದರ ಸ್ಟಾರ್ಟರು ನನ್ನ ಅಂಗೈಗೆ ಬಂತು. ಒಗ್ಗರಣೆಯ ಜಿಡ್ಡು ಹಿಡಿದ ಪುಟ್ಟ ಡಬ್ಬಿ. ಇದೇನು ಎಂದಳು ಮಗಳು. ಮೊದಲೆಲ್ಲ ಟ್ಯೂಬ್‌ಲೈಟು ಸ್ವಿಚ್ ಹಾಕಿದ ಕೂಡಲೇ ಹತ್ತುತ್ತಿರಲಿಲ್ಲ, ನಾಲ್ಕು ಸಲ ಮಿಣುಕಿದ ಮೇಲೇ ಬೆಳಕು, ಅದಕ್ಕೇ ತಡವಾಗಿ ತಿಳಿಯುವವರಿಗೆ ಟ್ಯೂಬ್‌ಲೈಟು ಎನ್ನುತ್ತಿದ್ದರು ಎಂದೆ. ಅವಳ ಕ್ಲಾಸಿನಲ್ಲಿ ಅಂಥವರಿಗೆ ‘ಬಫರಿಂಗ್’ ಎನ್ನುತ್ತಾರಂತೆ. ಕಾಲ ಯಾವುದಾದರೂ ಅಡ್ಡಹೆಸರಿಗೆ ಬರವಿಲ್ಲ ನೋಡಿ.

ಕಂಪ್ಲಿಯ ಶಾಲೆಯಲ್ಲಿ ಟ್ಯೂಬ್‌ಲೈಟು ನಾನೇ. ಉತ್ತರ ಗೊತ್ತಿರುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಮುಂದಿನ ಬೆಂಚಿನವರು ಹೇಳಿ ಮುಗಿಸಿರುತ್ತಿದ್ದರು. ಒಂಬತ್ತನೆಯಲ್ಲಿ ಇಂಗ್ಲಿಷ್ ಫೇಲಾದರೆ ಶಾಲೆ ಬಿಡಿಸುವುದಾಗಿ ಅಪ್ಪ ಹೇಳಿಬಿಟ್ಟಿದ್ದ. ಅಕ್ಕನ ಓದು ಹಾಗೆಯೇ ನಿಂತಿತ್ತು. ನನಗೆ ಓದಬೇಕಿತ್ತು, ಬಹಳ ಓದಬೇಕಿತ್ತು.

ಆ ವರ್ಷ ಸಂಡೂರಿನಿಂದ ಹೊಸ ಇಂಗ್ಲಿಷ್ ಸರ್ ಬಂದರು. ಒಂದು ದಿನ ನಾನು ಎದ್ದು ನಿಂತು ತಡವರಿಸುತ್ತಿದ್ದಾಗ ಹಿಂದಿನಿಂದ ಯಾರೋ ಟ್ಯೂಬ್‌ಲೈಟ್ ಎಂದರು. ಸರ್ ಬಯ್ಯಲಿಲ್ಲ.

“ಇಂಗ್ಲೆಂಡಿನಾಗ ಇಂಥೋರಿಗೆ ಸ್ಲೋಕೋಚ್ ಅಂತಾರ. ಕೋಚ್ ಅಂದ್ರ ಹಿಂದಿನ ಕಾಲದ ಕುದುರಿ ಗಾಡಿ. ತಡ ಆದ್ರೂ ಅದು ಊರು ಮುಟ್ತಿತ್ತು,” ಎಂದರು.

ಅಂದಿನಿಂದ ಅವರದೊಂದು ಪದ್ಧತಿ ಶುರುವಾಯಿತು. ಪ್ರಶ್ನೆ ಕೇಳಿ, ಕಿಟಕಿಯತ್ತ ತಿರುಗಿ, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು. ಅದು ಮತ್ತೆ ಮೂಗಿಗೇರುವ ತನಕ ಯಾರೂ ಉತ್ತರ ಹೇಳುವಂತಿರಲಿಲ್ಲ. ಜಾಣರ ನಾಲಿಗೆ ತುರಿಸುತ್ತಿತ್ತು. ಯಾರಾದರೂ ಬಾಯಿಬಿಟ್ಟರೆ ಸರ್ ಮೊದಲಿನಿಂದ ಒರೆಸುತ್ತಿದ್ದರು. ಅವಸರ ಇಲ್ಲವ್ವ ಎಂದು ಕಿಟಕಿಗೇ ಹೇಳಿದಂತೆ ನನಗೆ ಹೇಳುತ್ತಿದ್ದರು. ಅಷ್ಟು ಹೊತ್ತು ನನಗೆ ಸಾಕಿತ್ತು. ನಾನು ಪಾಸಾದೆ. ಅಪ್ಪ ಹತ್ತನೆಯ ಪುಸ್ತಕ ತಂದುಕೊಟ್ಟ.

ಎಷ್ಟೋ ವರ್ಷಗಳ ಮೇಲೆ ಸಂಡೂರಿನಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಮಾವನವರಿಗೆ ಮರೆವು ಹೆಚ್ಚಾಗಿದೆ, ಯಾರ ಗುರುತೂ ಸಿಗುವುದಿಲ್ಲ ಎಂದು ಸೊಸೆ ಬಾಗಿಲಲ್ಲೇ ಹೇಳಿದರು. ಸರ್ ನನ್ನ ಮುಖವನ್ನೇ ನೋಡಿದರು. ಒಳಗೆಲ್ಲೋ ಹುಡುಕುತ್ತಿದ್ದರು... ಸೊಸೆ ನನ್ನ ಹೆಸರು ಹೇಳಹೊರಟರು. ಬೇಡವೆಂದು ಸನ್ನೆ ಮಾಡಿದೆ. ಕಿಟಕಿಯತ್ತ ತಿರುಗಿ ನನ್ನ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ. ಹೊರಗೆ ಅದಿರಿನ ಲಾರಿಗಳು ಹೋಗುತ್ತಿದ್ದವು. ನನಗೆ ಅಳು ಬಂದಿತ್ತು.

ಹೆಸರು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬೆನ್ನ ಹಿಂದೆ ಅವರ ದನಿ ಕೇಳಿತು.

“ಅವಸರ ಇಲ್ಲವ್ವ... ಕುಂದ್ರು.”

ಮುಂದೆ ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಅಡುಗೆಮನೆಗೆ ಹಾಕಿದ ಹೊಸ ಎಲ್‌ಇಡಿ ದೀಪ ಸ್ವಿಚ್ ಹಾಕುತ್ತಲೇ ಹೊತ್ತಿತು. ಸ್ಟಾರ್ಟರನ್ನು ಕಸಕ್ಕೆ ಹಾಕಲೇ ಎಂದು ಮಗಳು ಕೇಳಿದಳು. ನಾನು ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಮಮ್ಮಿ ಬಫರಿಂಗ್ ಎಂದು ನಗುತ್ತ ಅವಳು ಹೊರಟುಹೋದಳು.

ಸರ್ ಆಗಿದ್ದರೆ ಕಾಯುತ್ತಿದ್ದರು.