ಮಳೆಗಾಲದ ನಾಲು

ಮಂದಿ ಏನಂದಾರು ಎಂಬುದಕ್ಕೆ ಮನುಷ್ಯ ಅಂಜಬಾರದು. ಬಹಳ ಯೋಚಿಸಿ ಹೇಳುತ್ತಿರುವ ಮಾತಿದು. ನಾನು ಈ ಧೈರ್ಯಕ್ಕೆ ಬಂದದ್ದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನನ್ನ ಬಗ್ಗೆ ಏನಾದರೂ ಅನ್ನಬಹುದಾದವರೆಲ್ಲ ತೀರಿಕೊಂಡ ಮೇಲೆ.

ನಲವತ್ತೆಂಟರ ಮಳೆಗಾಲದಲ್ಲಿ ನನಗೆ ಇಪ್ಪತ್ತೆರಡು. ಮದುವೆಯಾಗಿ ಒಂದು ವರ್ಷ. ನಮ್ಮದು ಆಳಂದ ತಾಲೂಕಿನ ಊರು. ಅಲ್ಲಿಂದ ಪಡುವಣಕ್ಕೆ ಐದು ಹರದಾರಿ ನಡೆದರೆ ನಿಜಾಮರ ರಾಜ್ಯ ಮುಗಿದು ಸೊಲ್ಲಾಪುರದ ಸೀಮೆ. ಅತ್ತ ಸ್ವಾತಂತ್ರ್ಯ ಬಂದು ವರ್ಷವಾಗುತ್ತಿತ್ತು. ಇತ್ತ ಬರುತ್ತಿದ್ದದ್ದು ನಿಜಾಮರ ಪರವಾಗಿ ಊರು ಸುಲಿಯುತ್ತಿದ್ದ ರಜಾಕಾರರ ಸುದ್ದಿ. ಮೊದಮೊದಲು ದೂರದ ಊರುಗಳ ಸುದ್ದಿ, ಆಮೇಲೆ ನಮ್ಮ ನೆಂಟರಿದ್ದ ಊರುಗಳ ಸುದ್ದಿ. ಒಂದು ದಿನ ಮಧ್ಯಾಹ್ನ ಮೂಡಣದಲ್ಲಿ ಹೊಗೆ ಎದ್ದಿತು. ಮೋಡವೆಂದು ಓಣಿಯವರೆಲ್ಲ ಒಪ್ಪಿಕೊಂಡೆವು. ಆ ಹೊತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ.

ಅಷ್ಟರಲ್ಲಿ ಅಪ್ಪ ಊರ ಕಟ್ಟೆಯ ಮೇಲೆ ಕೂತು ಒಂದು ಮಾತು ಆಡಿಬಿಟ್ಟಿದ್ದ. "ಊರು ಬಿಟ್ಟು ಓಡಾವ, ಮೊದಲ ನನ್ನ ಮನಿಗಿ ಬರ್ಲಿ. ನನ್ನ ಹೇಂತಿ ಹಳೇ ಬಳಿ ಅದಾವ, ಕೈಗಿ ಇಟಗೊಂಡು ಹೋಗ್ಲಿ." ಕಟ್ಟೆಯವರು ನಕ್ಕರು. ಅಂದಿನಿಂದ ಓಣಿಯಲ್ಲಿ ಯಾರಿಗೂ ಹೆದರಿಕೆ ಇರಲಿಲ್ಲ, ಕಡೇಪಕ್ಷ ಮನೆಯ ಹೊರಗೆ.

ಮನೆಯ ಒಳಗೆ ಅಪ್ಪ ಬಾಗಿಲ ಅಗಳಿಯನ್ನು ದಿನಕ್ಕೆ ಮೂರು ಸಲ ಎಳೆದು ನೋಡುತ್ತಿದ್ದ. ಹೊರಗೆ ಕುದುರೆಯ ಸಪ್ಪಳವಾದರೆ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬೀಳುತ್ತಿತ್ತು. "ರೊಟ್ಟಿ ಬಿರುಸಾಗ್ಯಾವ" ಎಂದು ಅವ್ವನನ್ನು ಬೈಯುತ್ತಿದ್ದ.

ಬೈಸಿಕೊಂಡ ಅವ್ವ ಉಪಾಯವೊಂದನ್ನು ಹೂಡಿದಳು. ಒಂದು ಬೆಳಿಗ್ಗೆ ನೀರಿಗೆ ಹೋದವಳು, ಸೊಸೆ ಐದು ತಿಂಗಳ ಬಸುರಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸುತ್ತೇವೆ ಎಂದು ಬಾವಿಕಟ್ಟೆಯಲ್ಲಿ ಸಾರಿ ಬಂದಳು. ನನ್ನ ಹೆಂಡತಿಯ ತವರು ಗಡಿಯ ಆಚೆ ಇತ್ತು.

"ಅತ್ತೀ, ನನಗ ಗೊತ್ತಿಲ್ದಂಗ ಐದು ತಿಂಗಳು ಆದವೇನ್ರಿ?" ಎಂದಳು ನನ್ನವಳು.

"ಸುಮ್ನ ಕುಂಡ್ರು ಬೇ. ಊರಿಗೇ ಗೊತ್ತಾಗೇದ, ನಿನಗೂ ಗೊತ್ತಾಗ್ತದ."

ತಂದೆಯಾಗುತ್ತಿರುವ ವಿಷಯ ನನಗೆ ತಿಳಿದದ್ದು ಕ್ಷೌರಿಕನಿಂದ.

ಮರುದಿನವೇ ಹೊರಡುವುದೆಂದು ಇತ್ತು. ಆದರೆ ಓಣಿಯ ಹೆಂಗಸರು ಬಂದು ಕೂತರು. "ಕುಬಸಾ ಮಾಡದs ಕಳಸ್ತೀರೇನ್ರಿ? ಮಂದಿ ಏನಂತಾರ?" ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಡಿ ತುಂಬದೆ ಕಳಿಸುವುದುಂಟೆ? ನಾಲ್ಕು ದಿನ ಮನೆಗೊಂದರಂತೆ ಹೋಳಿಗೆ, ಕಡಬು, ಎಣ್ಣೆಗಾಯಿ ಬಂದವು. ನನ್ನ ಹೆಂಡತಿ ಒಂದೊಂದು ತುತ್ತಿಗೂ ಬಾಗಿಲ ಕಡೆ ನೋಡುತ್ತಿದ್ದಳು. ಬಯಕೆ ಇರಬೇಕೆಂದು ಅವರು ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಅದೇ ವಾರ ಓಣಿಯಲ್ಲಿ ಇನ್ನೂ ಮೂವರು ಸೊಸೆಯಂದಿರು ಬಸುರಾದರು. ನಮ್ಮ ಓಣಿಯ ಮೇಲೆ ದೇವರು ಅಷ್ಟು ಪ್ರಸನ್ನನಾದದ್ದನ್ನು ನಾನು ಮತ್ತೆ ಕಂಡಿಲ್ಲ.

ಐದನೆಯ ದಿನ ಬಂಡಿ ಹೂಡಿದೆ. ಆಗ ತೋಚಿತು, ಅವ್ವನ ಉಪಾಯದಲ್ಲಿ ಒಂದು ತೂತಿತ್ತು. ಬಸುರಿ ತವರಿಗೆ ಹೋಗಬಹುದು. ಕೆಟ್ಟ ಕಾಲವೆಂದು ಗಂಡ ಜೊತೆಗೆ ಹೋಗಬಹುದು. ಅತ್ತೆ ಮಾವ ಹೋಗುವ ಪದ್ಧತಿ ಯಾವ ಊರಲ್ಲೂ ಇಲ್ಲ.

ಅಪ್ಪ ಬಂಡಿಯ ತನಕ ಬಂದ. ಪಕ್ಕದ ಮನೆಯ ನಾಲಬಂದ, ಎತ್ತಿನ ಗೊರಸಿಗೆ ಲಾಳ, ನಮ್ಮ ಕಡೆಯ ಮಾತಿನಲ್ಲಿ ನಾಲು, ಹೊಡೆಯುವ ಸಾಬ, ನಮ್ಮ ಎತ್ತಿನ ಕಾಲನ್ನು ಕಡೆಯ ಸಲ ನೋಡುತ್ತಿದ್ದ. ನೋಡುತ್ತಲೇ ಸಣ್ಣ ದನಿಯಲ್ಲಿ ಹೇಳಿದ.

"ಗೌಡ್ರ, ಇಷ್ಟು ವರ್ಷದಾಗ ಮಳಿಗಾಲದಾಗ ಯಾರೂ ನಾಲು ಕಟ್ಟಿಸಿಲ್ರಿ. ರಾಡ್ಯಾಗ ನಾಲು ಯಾತಕ್ಕ? ಈ ವಾರ ಓಣಿ ಎತ್ತೆಲ್ಲಾ ನನ್ನ ಮುಂದ ಕಾಲು ಎತ್ತ್ಯಾವ. ಎಲ್ಲಾರೂ ಸೊಲ್ಲಾಪುರದ ಡಾಂಬರ ಸಡಕ್ ಹಿಡಿಯಾವರs. ನೀವು ಎದ್ರ ಎಲ್ಲಾರೂ ಏಳ್ತಾರ. ಬಂಡಿ ಹತ್ರಿ."

"ನನ್ನ ಮುಂದ ಯಾರೂ ಅಂದಿಲ್ಲಲ್ಲ" ಎಂದ ಅಪ್ಪ.

"ನಿಮ್ಮ ಮುಂದ ಹ್ಯಾಂಗ ಅಂತಾರ್ರಿ? ಬಳಿ ಇಡಸ್ತೇನಿ ಅಂದೀರಿ."

ಅಪ್ಪ ಕಟ್ಟೆಯ ಕಡೆ ನೋಡಿದ. ಅಲ್ಲಿ ಐವರು ಕೂತಿದ್ದರು. ಅವರೂ ಇವನನ್ನೇ ನೋಡುತ್ತಿದ್ದರು. ನಾನು ಅವನ ರಟ್ಟೆ ಹಿಡಿದೆ. ಎತ್ತಿ ಬಂಡಿಗೆ ಹಾಕುವಷ್ಟು ಶಕ್ತಿ ನನಗಿತ್ತು. ಅವನು ಅಷ್ಟು ಭಾರದ ಮನುಷ್ಯನಲ್ಲ.

"ಬಾ ಅಪ್ಪಾ" ಎಂದೆ, ಕಟ್ಟೆಗೆ ಕೇಳದಷ್ಟು ಮೆಲ್ಲಗೆ.

"ಕೈ ಬಿಡಲೇ. ಮಂದಿ ನೋಡಾಕತ್ತಾರ."

ಬಿಟ್ಟೆ. ನನ್ನನ್ನೂ ಮಂದಿ ನೋಡುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, ಸೊಸೆಗೆ ಭಾರ ಎತ್ತಬೇಡವೆಂದು ಬುದ್ಧಿ ಹೇಳಿದಳು.

ದಾರಿಯುದ್ದಕ್ಕೂ ಹೊಸ ನಾಲಿನ ಸಪ್ಪಳ. ಅದು ನಮ್ಮ ಎತ್ತಿನದೇ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಹಿಂದೆ ತಿರುಗಿ ನೋಡಿದೆ. ಹೊತ್ತು ಮುಳುಗುವ ಮುಂಚೆ ಗಡಿ ದಾಟಿದೆವು. ಕಾವಲಿನವನು ನನ್ನ ಹೆಂಡತಿಯ ಹಸಿರು ಬಳೆ ನೋಡಿ ದಾರಿ ಬಿಟ್ಟ.

ನಾವು ಹೊರಟ ಆರನೆಯ ದಿನ ರಜಾಕಾರರು ನಮ್ಮೂರಿಗೆ ಬಂದರು. ಅಷ್ಟರೊಳಗೆ ಓಣಿಯಿಂದ ಬಸುರಿಯರು ಮಾತ್ರ ಹೋಗಿದ್ದರು.

ಭಾರತದ ಸೈನ್ಯ ಬಂದ ಮೇಲೆ ನಾವು ತಿರುಗಿ ಬಂದೆವು. ಮನೆ ಸುಟ್ಟಿತ್ತು. ಅವ್ವ ನಾಲಬಂದನ ಮನೆಯಲ್ಲಿದ್ದಳು. ಅವನು ಅವಳನ್ನು ಮೇವಿನ ಕೋಣೆಯಲ್ಲಿ ಬಚ್ಚಿಟ್ಟಿದ್ದ. ಅಪ್ಪನನ್ನು ಮತ್ತು ಕಟ್ಟೆಯ ಮೇಲಿನವರಲ್ಲಿ ಮೂವರನ್ನು ನಮ್ಮ ಹೊಲದ ಬದುವಿನಲ್ಲಿ ಹೂಳಿದ್ದರು. ನಮಗೆ ಮೊದಲ ಮಗು ಹುಟ್ಟಿದ್ದು ಅದಾಗಿ ನಾಲ್ಕು ವರ್ಷಕ್ಕೆ.