ನೀರು ಹೋದರೆ ಮೊದಲು ಹಣ್ಣು ನಿಲ್ಲಿಸಬೇಕು

ನನ್ನ ಮೊಮ್ಮಗಳು ಮೂಡಿಗೆರೆ ಹತ್ತಿರದ ಎಸ್ಟೇಟಿನಲ್ಲಿ ಎಲೆಕ್ಟ್ರಿಷಿಯನ್. ಮೋಟಾರು ಕೆಟ್ಟರೂ ಅವಳೇ, ಫ್ಯೂಸು ಹೋದರೂ ಅವಳೇ. ಹೋದ ವರ್ಷ ಪಲ್ಪ್ ಹೌಸಿಗೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮನೆಗೆ, ತನ್ನಷ್ಟಕ್ಕೆ ತಾನೇ ನಡೆಯುವ ಯಂತ್ರ ತರಿಸುವುದೆಂದಾಯಿತು. ಸಾಹುಕಾರರು ಅವಳನ್ನು ಕರೆದು, "ಟ್ರೈನಿಂಗ್ ಪಾಸಾದ್ರೆ ಅದ್ನ ನಡೆಸೋ ಪ್ಯಾನೆಲ್ ನಿಂಗೆ. ಇಲ್ದಿದ್ರೆ ಹೊರಗಿನೋರ್ನ ಕರಿಸ್ತೀನಿ" ಅಂದುಬಿಟ್ಟರು. ಆಮೇಲೆ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಅವಳು ಟ್ರೈನಿಂಗಿಗೆಂದು ಚಿಕ್ಕಮಗಳೂರಿಗೆ ಹೊರಡತೊಡಗಿದಳು.

ಮನೆಗೆ ಬಂದರೆ ಹಳೇ ಕ್ಯಾಲೆಂಡರಿನ ಹಿಂದೆ ಏಣಿ ಬರೆಯುತ್ತಾ ಕೂರುವಳು.

"ಏನೇ ಇದು, ಮೆಣಸು ಕೊಯ್ಯೋ ಏಣಿನಾ?"

"ಮಿಷನ್ನಿಗೆ ಬುದ್ಧಿ ಹೇಳೋ ಏಣಿ ಅಜ್ಜಿ. ಒಂದೊಂದ್ ಮೆಟ್ಲಲ್ಲಿ ಒಂದೊಂದ್ ಮಾತು. ನೋಡು, ನೀರು ನಿಂತ್ರೆ ಎಲ್ಲಾ ಒಟ್ಟಿಗೆ ಆಫ್."

"ಅಯ್ಯೋ ಮಾರಾಯ್ತಿ, ಹಂಗೆ ಮಾಡಿದ್ರೆ ಕೆಟ್ತು!"

ಮದುವೆಯಾಗಿ ಬಂದಾಗಿನಿಂದ ಮೊಣಕಾಲು ಸೋಲುವವರೆಗೂ ಪಲ್ಪರಿಗೆ ಹಣ್ಣು ಹಾಕಿದವಳು ನಾನು. ನೀರು ಹೋದರೆ ಮೊದಲು ಹಣ್ಣು ನಿಲ್ಲಿಸಬೇಕು. ತೊಟ್ಟಿಯಲ್ಲಿ ಉಳಿದ ನೀರಿನಲ್ಲೇ ಸಿಪ್ಪೆ ಬಿಡಿಸುವ ಡ್ರಮ್ಮು ಇನ್ನಷ್ಟು ತಿರುಗಿ ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು. ಇಲ್ಲವಾದರೆ ಬೀಜ ಕತ್ತರಿಸಿಹೋಗುತ್ತದೆ, ಲೆಕ್ಕ ಬರೆಯುವ ರೈಟರ್ ಬೈಯುತ್ತಾರೆ. ಮೊದಲು ನೋಡಿದವರು ಯಾರೇ ಆಗಲಿ, ಕೂಗಬೇಕು. ಅಲ್ಲಿ ಅದೇ ಕಾನೂನು.

ಇಷ್ಟನ್ನೂ ಅವಳಿಗೆ ಹೇಳಿದೆ. ಅವಳು ಒಂದು ಮೆಟ್ಟಿಲು ಅಳಿಸಿ ಮೂರು ಬರೆದಳು.

ಪರೀಕ್ಷೆಗೆ ಮನೆಯವರೂ ಬಂದು ನೋಡಬಹುದು ಎಂದಿದ್ದರು. ನಾನು ಬಿಡುತ್ತೇನೆಯೇ! ರೇಷ್ಮೆ ಸೀರೆ ಉಟ್ಟೇ ಅವರ ವರ್ಕ್‌ಶಾಪಿಗೆ ಹೋದೆ. ಮೇಜಿನ ಮೇಲೆ ಗೊಂಬೆಯಾಟದಂಥ ಪಲ್ಪ್ ಹೌಸು: ಅಂಗೈಯಗಲದ ಡ್ರಮ್ಮು, ಪುಟ್ಟ ತೊಟ್ಟಿ, ಬೆಲ್ಟಿನ ಮೇಲೆ ಹಣ್ಣಿನ ಬದಲು ಕೆಂಪು ಮಣಿ. ಅವಳು ಬರೆದ ಏಣಿಯಂತೆ ಎಲ್ಲ ಚೆಂದ ಓಡುತ್ತಿತ್ತು. ಅಷ್ಟರಲ್ಲಿ ಪರೀಕ್ಷೆ ಮಾಡುತ್ತಿದ್ದ ಮೇಷ್ಟ್ರು ಸದ್ದಿಲ್ಲದೆ ಹಿಂದಿನಿಂದ ನಲ್ಲಿ ತಿರುಗಿಸಿದರು. ನನ್ನ ಕಣ್ಣಿಗೆ ಬಿದ್ದೇಬಿಟ್ಟಿತು.

"ನೀರ್ ಹೋಯ್ತು! ಹಣ್ಣ್ ನಿಲ್ಸ್ರೋ!"

ಇಡೀ ವರ್ಕ್‌ಶಾಪು ತಿರುಗಿ ನೋಡಿತು. ಮೊಮ್ಮಗಳು ಹಣೆ ಹಿಡಿದುಕೊಂಡಳು.

"ಯಾರ್ರೀ ಅದು? ಪರೀಕ್ಷೆಲಿ ಹೇಳ್ಕೊಡೋ ಹಂಗಿಲ್ಲ!" ಅಂದರು ಮೇಷ್ಟ್ರು.

ಈ ಹಾಳು ಬಾಯಿಂದ ಮಗುವಿನ ಪ್ಯಾನೆಲ್ ಹೋಯಿತಲ್ಲ!

"ಸಾರ್, ನಾನು ಕೈನೇ ಇಟ್ಟಿಲ್ಲ. ಬೆಲ್ಟ್ ತಾನಾಗೇ ನಿಂತಿದ್ದು ನೋಡಿ," ಅಂದಳು ಅವಳು.

ಪಕ್ಕದ ಮೇಜಿನಲ್ಲಿ ಪರೀಕ್ಷೆಗೆ ನಿಂತಿದ್ದ ಗಡ್ಡದವನು ನಗುತ್ತಾ, "ಅಜ್ಜಿ ಕೂಗಿದ್ರೆ ನಿಲ್ಲಕ್ಕೆ ಅದಕ್ಕೆ ಕಿವಿ ಇಲ್ಲ ಸಾರ್" ಅಂದ.

"ಇನ್ನೊಂದ್ಸಲ ಮಾಡಿ. ಅಜ್ಜಿ, ನೀವು ಬಾಯಿಗೆ ಬೀಗ."

ಬೀಗ ಎಲ್ಲಿಂದ ತರಲಿ? ಸೆರಗನ್ನೇ ತುರುಕಿಕೊಂಡೆ. ಮೇಷ್ಟ್ರು ಮತ್ತೆ ನಲ್ಲಿ ತಿರುಗಿಸಿದರು. ಬೆಲ್ಟು ಟಕ್ಕೆಂದು ನಿಂತಿತು. ಡ್ರಮ್ಮು ಮಾತ್ರ ತಿರುಗುತ್ತಾ ತಿರುಗುತ್ತಾ ಕೊನೆಯ ಮಣಿಯನ್ನೂ ಉದುರಿಸಿ ಆಮೇಲೆ ನಿಂತಿತು. ಅಬ್ಬಾ, ಥೇಟ್ ನಾವು ಮಾಡುತ್ತಿದ್ದ ಹಾಗೆಯೇ!

"ಡ್ರಮ್ ಯಾಕೆ ತಡವಾಗಿ ನಿಲ್ತು? ನಾವು ಹಂಗೆ ಹೇಳ್ಕೊಟ್ಟಿಲ್ವಲ್ಲ."

"ಒಳಗೆ ಹಣ್ಣು ಉಳಿದ್ರೆ ಮತ್ತೆ ಸ್ಟಾರ್ಟ್ ಮಾಡುವಾಗ ಸಿಕ್ಕಿಕೊಳ್ಳುತ್ತೆ ಸಾರ್. ಮೋಟಾರ್ ಸುಟ್ಟೀತು."

"ಇದು ಯಾವ ಪುಸ್ತಕದಲ್ಲಿದೆ?"

ಅವಳು ಗದ್ದವೆತ್ತಿ ನನ್ನ ಕಡೆ ತೋರಿಸಿದಳು. ನನ್ನ ಬಾಯಿ ತುಂಬಾ ರೇಷ್ಮೆ! ಮೇಷ್ಟ್ರು ನಗು ತಡೆಯಲಾರದೆ ಹಾಳೆಯ ಕಡೆ ಬಗ್ಗಿ ಪಾಸು ಎಂದು ಬರೆದೇಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲೇ ಅವಳು ಸಾಹುಕಾರರಿಗೆ ಫೋನು ಮಾಡಿದಳು. "ನಾಳೆ ಬಂದು ಪ್ಯಾನೆಲ್ ಕೀ ತಗೊಳ್ಳಮ್ಮ" ಅಂದಿದ್ದು ನನಗೂ ಕೇಳಿಸಿತು. ನಾನು ಸೀಟಿನಲ್ಲಿ ಕೂತಿದ್ದರೆ ತಾನೆ!

"ಅಜ್ಜಿ, ಕೂತ್ಕೊಳ್ಳಿ, ತಿರುವು ಬಂತು. ನಿಮ್ಮ ಮೊಮ್ಮಗಳು ಪಾಸಾಗಿದ್ದು ಹಿಂದಿನ ಸೀಟ್ನೋರಿಗೆಲ್ಲ ಗೊತ್ತಾಯ್ತು," ಅಂದ ಕಂಡಕ್ಟರು.

"ಮುಂದಿನೋರಿಗೆ ಇನ್ನೂ ಹೇಳಿಲ್ಲ ಮಾರಾಯ," ಎಂದು ಕಂಬಿ ಹಿಡಿದು ಮುಂದಕ್ಕೆ ನಡೆದೆ.